ಮಳೆಗಾಲಕ್ಕೆ ಮುಂಚೆ ಹಳೇ ಕಾರು ಕೊಳ್ಳುವ ಮನೆಯವರಿಗೆ

ಹೊನ್ನೆಮರಡು
ಯುಗಾದಿ ಕಳೆದ ವಾರ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಈ ಬೇಸಿಗೆ ಹಳೇ ಕಾರು ಹುಡುಕುತ್ತಿರುವ ಎಲ್ಲ ಮನೆಗಳವರಿಗೆ ಈ ಪತ್ರ.

ಅಡಿಕೆ ಮಂಡಿಯ ಲೆಕ್ಕ ಈಗಷ್ಟೇ ಮುಗಿದಿದೆ. ಸೊಸೈಟಿ ಸಾಲಕ್ಕೆ ಕಟ್ಟಿ, ಮಕ್ಕಳ ಕಾಲೇಜು ಫೀಸಿಗೆ ಎತ್ತಿಟ್ಟು, ಉಳಿದದ್ದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳೋಣವೆಂಬ ಮಾತು ಎಷ್ಟೋ ಮನೆಗಳ ಜಗುಲಿಯಲ್ಲಿ ನಡೆದಿದೆ. ಆ ಮಾತಿನ ಹಿಂದೆ ಏನಿದೆಯೆಂದು ನನಗೆ ಗೊತ್ತು. ಬೈಕಿನಲ್ಲಿ ಮಗುವನ್ನು ನಡುವೆ ಕೂರಿಸಿಕೊಂಡು, ರೇನ್‌ಕೋಟಿನ ಒಳಗೂ ನೆನೆದು ಆಸ್ಪತ್ರೆಗೆ ಹೋದವರು ನೀವು. ವಯಸ್ಸಾದವರನ್ನು ಬಸ್ಸು ನಿಲ್ಲುವ ಕೈಮರದವರೆಗೆ ಕೊಡೆ ಹಿಡಿದು ನಡೆಸಿದವರು ನೀವು. ನಿಮಗೆ ಕಾರು ಶೋಕಿಯಲ್ಲ. ಅದಕ್ಕೇ ಬರೆಯಬೇಕೆನಿಸಿತು.

ನಮ್ಮಲ್ಲಿ ಕಾರು ನೋಡುವುದು ಏಪ್ರಿಲ್ ಬಿಸಿಲಿನಲ್ಲಿ, ಅದರ ನಿಜವಾದ ಕೆಲಸ ಇರುವುದು ಜುಲೈ ಮಳೆಯಲ್ಲಿ. ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದು ಬಣ್ಣ, ಸೀಟಿನ ಕವರು, ಹಾಡಿನ ಪೆಟ್ಟಿಗೆ, ತಣ್ಣಗೆ ಬೀಸುವ ಎಸಿ. ಮಳೆಯಲ್ಲಿ ಜೀವ ಕಾಯುವುದು ಟೈರು, ಬ್ರೇಕು, ವೈಪರು, ಮುಂದಿನ ಗಾಜು, ಸೀಟ್ ಬೆಲ್ಟು. ಆಗುಂಬೆಯಲ್ಲಿ, ಹುಲಿಕಲ್‌ನಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುವುದುಂಟು. ಬೆಂಗಳೂರಿಗೆ ಬೀಳುವುದು ವರ್ಷವಿಡೀ ಸೇರಿ ಒಂದು ಸಾವಿರದ ಆಸುಪಾಸು. ಅಲ್ಲಿ ಐದು ವರ್ಷ ಓಡಿದ ಕಾರು 'ಏನೂ ತೊಂದರೆ ಕೊಟ್ಟಿಲ್ಲ' ಎಂದು ಮಾರುವವರು ಹೇಳಿದರೆ ಅದು ಸುಳ್ಳಾಗಿರಬೇಕಿಲ್ಲ. ಆದರೆ ಆ ಕಾರಿಗೆ ನಮ್ಮ ಆರಿದ್ರೆ ಮಳೆಯ ಪರೀಕ್ಷೆ ಇನ್ನೂ ಆಗಿಲ್ಲ.

ಮೊದಲಿಗೆ ದುಡ್ಡಿನ ಮಾತು. ನಿಮ್ಮ ಕೈಲಿ ಮೂರು ಲಕ್ಷ ಇದ್ದರೆ ಮೂರು ಲಕ್ಷದ ಕಾರು ನೋಡಬೇಡಿ. ಎರಡೂವರೆ ಲಕ್ಷದ್ದು ನೋಡಿ, ಉಳಿದದ್ದನ್ನು ಮುಟ್ಟದೆ ಇಟ್ಟುಕೊಳ್ಳಿ. ಸಣ್ಣ ಕಾರಿಗೆ ನಾಲ್ಕು ಹೊಸ ಟೈರು ಹಾಕಿಸಲು 15,000 ರೂಪಾಯಿಯ ಆಸುಪಾಸು ಬೇಕು. ಬ್ರೇಕ್ ಪ್ಯಾಡು, ಹಿಂದಿನ ಚಕ್ರದ ಬ್ರೇಕ್ ಶೂ, ವೈಪರ್ ಬ್ಲೇಡು, ಬ್ಯಾಟರಿ, ಹೆಸರು ಬದಲಾವಣೆಯ ಖರ್ಚು, ಹೊಸ ವಿಮೆ ಎಲ್ಲವೂ ಮೊದಲ ತಿಂಗಳಲ್ಲೇ ಎದುರಾಗುತ್ತವೆ. ಇದ್ದಷ್ಟೂ ದುಡ್ಡನ್ನು ಕಾರಿಗೇ ಸುರಿದವರು ಟೈರನ್ನು 'ಮುಂದಿನ ವರ್ಷ ನೋಡೋಣ' ಎಂದು ದೂಡುತ್ತಾರೆ. ಸವೆದ ಟೈರು ಮುಂದಿನ ವರ್ಷದವರೆಗೆ ಕಾಯುವುದಿಲ್ಲ.

ಯಾವ ವರ್ಷದ ಕಾರು ಎಂಬುದನ್ನು ಕಿಲೋಮೀಟರಿಗಿಂತ ಮೊದಲು ಕೇಳಿ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್, ಅಂದರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಯಿತು. ಅದೇ ವರ್ಷದ ಜುಲೈನಿಂದ ಚಾಲಕನ ಏರ್‌ಬ್ಯಾಗ್, ಬೆಲ್ಟು ಹಾಕದಿದ್ದರೆ ಎಚ್ಚರಿಸುವ ಸದ್ದು, ಹಿಂದಕ್ಕೆ ತೆಗೆಯುವಾಗಿನ ಸೆನ್ಸರು ಕಡ್ಡಾಯವಾದವು. ಚಾಲಕನ ಪಕ್ಕದವರಿಗೂ ಏರ್‌ಬ್ಯಾಗ್ ಎಂಬ ನಿಯಮ 2021ರ ಕೊನೆಯ ಹೊತ್ತಿಗೆ ಎಲ್ಲ ಕಾರುಗಳಿಗೆ ಬಂತು. ಅದಕ್ಕಿಂತ ಹಳೆಯದರಲ್ಲಿ ಇವು ಇರಬಹುದು, ಇಲ್ಲದಿರಬಹುದು. ದುಬಾರಿ ಮಾದರಿಗೆ ಇದ್ದು ಅದೇ ಹೆಸರಿನ ಅಗ್ಗದ ಮಾದರಿಗೆ ಇಲ್ಲದಿರುವುದು ಸಾಮಾನ್ಯವಾಗಿತ್ತು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗೋಡೆಗೆ ಗುದ್ದಿಸಿ ನೋಡಿದಾಗ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಆ ಕಾಲದ ಕಾರುಗಳೇ ಇಂದು ನಮ್ಮ ಬಜೆಟ್ಟಿಗೆ ಒಗ್ಗುವ ಬೆಲೆಯಲ್ಲಿ ಸಂತೆಗೆ ಬಂದಿವೆ. ನನ್ನನ್ನು ಕೇಳಿದರೆ, 2015ರ ದೊಡ್ಡ ಕಾರಿಗಿಂತ 2020ರ ಸಣ್ಣ ಕಾರು ಮೇಲು. ನಿಮ್ಮ ಮನೆ ಜನರಿಗೆ ಜಾಗ ಸಾಲದೆನಿಸಿದರೂ ಹಾಗೆಯೇ ಹೇಳುತ್ತೇನೆ.

ಓಮ್ನಿಯ ಬಗ್ಗೆ ಕೇಳುವವರು ಬಹಳ. ನಮ್ಮ ಮಲೆನಾಡನ್ನು ಎರಡು ಮೂರು ದಶಕ ಹೊತ್ತು ಓಡಾಡಿಸಿದ ಗಾಡಿ ಅದು. ಅಡಿಕೆ ಚೀಲ, ಗೊಬ್ಬರ, ದಿಬ್ಬಣ, ರೋಗಿ ಎಲ್ಲವನ್ನೂ ಸಾಗಿಸಿದೆ. ಅದರ ಮೇಲೆ ನನಗೂ ಪ್ರೀತಿಯಿದೆ. ಆದರೆ ಎದುರಿನಿಂದ ಪೆಟ್ಟು ಬಿದ್ದರೆ ಚಾಲಕನ ಮೊಣಕಾಲಿನ ಮುಂದೆ ತಗಡು ಬಿಟ್ಟರೆ ಏನೂ ಇಲ್ಲ. 2019ರಲ್ಲಿ ಅದರ ತಯಾರಿಕೆಯೇ ನಿಂತಿತು. ತೋಟದ ಕೆಲಸಕ್ಕೆ ಇಟ್ಟುಕೊಳ್ಳಿ, ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಲು ಅದನ್ನು ಹೊಸದಾಗಿ ಕೊಳ್ಳಬೇಡಿ.

ಈಗ ಕಾರಿನ ಮುಂದೆ ನಿಂತಿದ್ದೀರಿ ಎನ್ನಿ. ಬೆಳಿಗ್ಗೆ ಬೇಗ ಹೋಗಿ, ಮಾರುವವರು ಸ್ಟಾರ್ಟ್ ಮಾಡುವ ಮೊದಲು. ಬಾನೆಟ್ ಮೇಲೆ ಕೈಯಿಡಿ, ತಣ್ಣಗಿರಬೇಕು. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಯಾರೋ ಎಬ್ಬಿಸಿ ಇಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇವೆನ್ನಿ. ಆಮೇಲೆ ಚಾಲಕನ ಸೀಟಿನ ಬೆಲ್ಟನ್ನು ನಿಧಾನಕ್ಕೆ ಪೂರ್ತಿ ಹೊರಗೆ ಎಳೆಯಿರಿ. ಯಾರೂ ಹಾಗೆ ಕೊನೆಯವರೆಗೆ ಎಳೆಯುವುದಿಲ್ಲ, ಹಾಗಾಗಿ ತೊಳೆಯುವವರೂ ಅದನ್ನು ಮರೆಯುತ್ತಾರೆ. ಕೊನೆಯ ಮೊಳದಲ್ಲಿ ಬೆಲ್ಟಿನ ಬಣ್ಣ ಬದಲಾಗಿ ಮಣ್ಣಿನ ಗೆರೆ ಕಂಡರೆ, ಬೆರಳಿಗೆ ಒಣಗಿದ ಕೆಸರಿನ ಪುಡಿ ಹತ್ತಿದರೆ, ಆ ಕಾರು ನೀರಿನಲ್ಲಿ ಮುಳುಗಿ ಎದ್ದದ್ದು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2018ರ ಆಗಸ್ಟ್‌ನಲ್ಲಿ ಕೇರಳ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ, ಮಹದೇವಪುರದ ಕಡೆ, ಹೀಗೆ ಪ್ರತಿ ನೆರೆಯಲ್ಲೂ ಕಾರುಗಳು ರಾಶಿ ರಾಶಿ ಮುಳುಗಿದವು. ಹಾಗೆ ಮುಳುಗಿದ ಕಾರನ್ನು ಒಣಗಿಸಿ, ಪಾಲಿಶ್ ಹಾಕಿ ದೂರದ ಊರಿಗೆ ಸಾಗಿಸುವುದು ಈ ವ್ಯಾಪಾರದಲ್ಲಿ ಹಳೆಯ ದಾರಿ. ಸೀಟಿನ ಕೆಳಗಿನ ಹಳಿಯ ಬೋಲ್ಟುಗಳಲ್ಲಿ ತುಕ್ಕು, ಹೆಡ್‌ಲೈಟಿನ ಒಳಗೆ ನೀರು ನಿಂತ ಗೆರೆ, ಹಳೇ ಕಾರಿಗೆ ಹೊಚ್ಚಹೊಸ ಕಾರ್ಪೆಟ್, ಮೂಗಿಗೆ ಹೊಡೆಯುವ ಸೆಂಟು ಇವೆಲ್ಲವೂ ಅದೇ ಕಥೆ ಹೇಳುತ್ತವೆ. ಇಂಥ ಕಾರಿನ ವೈರಿಂಗು ಯಾವತ್ತು ಕೈಕೊಡುತ್ತದೆಂದು ಮೆಕ್ಯಾನಿಕ್ಕೂ ಹೇಳಲಾರ. ಮಳೆಯ ರಾತ್ರಿ ಘಾಟಿಯ ನಡುವೆ ವೈಪರು, ಲೈಟು ಒಟ್ಟಿಗೆ ನಿಂತರೆ ಏನಾಗುತ್ತದೆಂದು ಯೋಚಿಸಿ, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.

ಕುಂದಾಪುರ, ಹೊನ್ನಾವರದ ಕಡೆಯ ಕಾರಾದರೆ ಕೆಳಗೆ ಬಗ್ಗಿ ನೋಡಲೇಬೇಕು. ಉಪ್ಪುಗಾಳಿ ತಗಡನ್ನು ಕೆಳಗಿನಿಂದ ತಿನ್ನುತ್ತದೆ. ಬಾಗಿಲಿನ ಅಡಿಯ ಅಂಚು, ಜಾಕ್ ಕೊಡುವ ಜಾಗ, ಸ್ಟೆಪ್ನಿ ಇಡುವ ಗುಂಡಿ, ಈ ಮೂರನ್ನು ಬೆರಳಿನಿಂದ ಒತ್ತಿ. ಕರಕರ ಎಂದರೆ ಬೇಡ. ನಮ್ಮ ಊರಿನ ಕಾರುಗಳ ರೋಗ ಬೇರೆ: ಕೊಟ್ಟಿಗೆಯಲ್ಲಿ ನಿಂತ ಗಾಡಿಯ ವೈರನ್ನು ಇಲಿ ಕಡಿದಿರುತ್ತದೆ, ಗಾಜಿನ ಬುಡದ ಜಾಲರಿಯಲ್ಲಿ ತರಗೆಲೆ ತುಂಬಿ ನೀರು ಒಳಗೆ ಇಳಿದಿರುತ್ತದೆ. ಒಂದು ಕೊಡ ನೀರು ತರಿಸಿ ಮುಂದಿನ ಗಾಜಿನ ಮೇಲೆ ಸುರಿಯಿರಿ. ಕಾಲಿಡುವ ಜಾಗ ಒದ್ದೆಯಾಗುತ್ತದೆಯೋ ನೋಡಿ, ವೈಪರ್ ಹಾಕಿ ಗಾಜು ಒಂದೇ ಸಲಕ್ಕೆ ಶುಚಿಯಾಗುತ್ತದೆಯೋ ನೋಡಿ. ಮಾರುವವರು ನಕ್ಕರೂ ಚಿಂತೆಯಿಲ್ಲ.

ಟೈರಿನ ಪಕ್ಕದಲ್ಲಿ ಒಂದು ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ ತಯಾರಾದ ಟೈರು. ಗೀರು ಎಷ್ಟೇ ಚೆನ್ನಾಗಿ ಕಂಡರೂ ಆರೇಳು ವರ್ಷದ ರಬ್ಬರು ಗಡುಸಾಗಿ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಗೀರಿನ ಆಳ 1.6 ಮಿ.ಮೀ.ಗೆ ಇಳಿದರೆ ಟೈರು ಮುಗಿಯಿತೆಂದು ನಿಯಮ. ನಮ್ಮ ಮಳೆಗೆ 3 ಮಿ.ಮೀ. ಇರುವಾಗಲೇ ಬದಲಿಸಬೇಕೆಂಬುದು ನನ್ನ ಅಭಿಪ್ರಾಯ. ಆ ಗೀರುಗಳು ಇರುವುದು ನೀರನ್ನು ಹೊರಗೆ ತಳ್ಳುವುದಕ್ಕೆ. ಅವು ಸವೆದಾಗ ನೀರು ಟೈರಿನ ಅಡಿಯಲ್ಲೇ ಉಳಿದು, ವೇಗ ಹೆಚ್ಚಿದಂತೆ ಚಕ್ರವನ್ನು ರಸ್ತೆಯಿಂದ ಎತ್ತುತ್ತದೆ. ಸ್ಟೇರಿಂಗು ಇದ್ದಕ್ಕಿದ್ದಂತೆ ಹಗುರವಾಯಿತೆಂದರೆ ಅದೇ ಆಗಿದೆ. ಆಗ ಬ್ರೇಕು ತುಳಿಯಬೇಡಿ, ಸ್ಟೇರಿಂಗು ತಿರುಗಿಸಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ನೇರ ಹಿಡಿದು, ಚಕ್ರ ಮತ್ತೆ ರಸ್ತೆ ಕಚ್ಚುವವರೆಗೆ ತಡೆಯಿರಿ.

ಓಡಿಸಿ ನೋಡುವಾಗ ಬಿ.ಎಚ್. ರಸ್ತೆಯ ನುಣುಪಿನಲ್ಲಿ ಒಂದು ಸುತ್ತು ಹೊಡೆದು ಬರುವುದರಿಂದ ಏನೂ ತಿಳಿಯದು. ನಿಮ್ಮ ಮನೆ ದಾರಿಯಂಥ ಏರು ಹುಡುಕಿ, ಮನೆಯವರೆಲ್ಲ ಕೂತು ಹತ್ತಿಸಿ. ಏರಿನ ಮಧ್ಯೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬಿಟ್ಟು ನೋಡಿ. ಖಾಲಿ ರಸ್ತೆಯಲ್ಲಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಿ. ಕಾರು ಒಂದು ಕಡೆಗೆ ಎಳೆದರೆ ಬ್ರೇಕಿನಲ್ಲೋ ಟೈರಿನಲ್ಲೋ ದೋಷವಿದೆ. ಎಬಿಎಸ್ ಇರುವ ಕಾರಾದರೆ ಪೆಡಲು ಕಾಲಿನಡಿ ಗಡಗಡ ನಡುಗುತ್ತದೆ. ಅದು ಹಾಳಾದದ್ದಲ್ಲ, ಕೆಲಸ ಮಾಡುತ್ತಿರುವುದು. ಮಳೆಯಲ್ಲಿ ಹಾಗೆ ನಡುಗಿದಾಗ ಹೆದರಿ ಕಾಲು ತೆಗೆಯಬಾರದು, ಒತ್ತಿ ಹಿಡಿದು ಸ್ಟೇರಿಂಗಿನಿಂದ ದಾರಿ ಹುಡುಕಬೇಕು. ಈ ನಡುಕವನ್ನು ಬೇಸಿಗೆಯಲ್ಲೇ ಒಂದೆರಡು ಸಲ ಕಾಲಿಗೆ ಅಭ್ಯಾಸ ಮಾಡಿಸಿ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಸರ್ಕಾರದ ಪರಿವಾಹನ್ ತಾಣದಲ್ಲಿ ನಂಬರ್ ಹಾಕಿದರೆ ಎಷ್ಟನೇ ಮಾಲೀಕರು, ಬ್ಯಾಂಕ್ ಸಾಲ ತೀರಿದೆಯೇ, ವಿಮೆ ಎಂದಿನವರೆಗೆ ಎಂಬುದು ಸಿಗುತ್ತದೆ. ಹಳದಿ ಬೋರ್ಡಿನಲ್ಲಿ ಬಾಡಿಗೆಗೆ ಓಡಿ ಆಮೇಲೆ ಬಿಳಿ ಬೋರ್ಡಿಗೆ ಬದಲಾದ ಗಾಡಿಯೇ ಎಂದು ವಿಚಾರಿಸಿ. ಮೀಟರಿನಲ್ಲಿ ನಲವತ್ತು ಸಾವಿರ ಕಿಲೋಮೀಟರ್ ಇದ್ದು ಬ್ರೇಕ್ ಪೆಡಲಿನ ರಬ್ಬರು ಬೋಳಾಗಿದ್ದರೆ ಪೆಡಲನ್ನು ನಂಬಿ. ಹೊರರಾಜ್ಯದ ಗಾಡಿ ಅಗ್ಗವೆಂದು ತಂದರೆ ಇಲ್ಲಿಯ ಜೀವಿತಾವಧಿ ತೆರಿಗೆ ಕಟ್ಟುವಾಗ ಲೆಕ್ಕ ತಲೆಕೆಳಗಾಗುತ್ತದೆ. ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿ ಇಡುವುದಲ್ಲ, ಆರ್‌ಟಿಒ ಕಚೇರಿಗೆ ಕೊಟ್ಟು ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿ. ಮಾರುವವರೂ ಇದನ್ನು ಓದುತ್ತಿದ್ದರೆ ತಿಳಿದಿರಲಿ: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಯಾವತ್ತೋ ಮಾರಿ ಆಗಿದೆ ಎಂಬುದು ಅಲ್ಲಿ ನಡೆಯುವುದಿಲ್ಲ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಹದಿನಾಲ್ಕು ದಿನದೊಳಗೆ ಅರ್ಜಿ ಕೊಡಬೇಕು. ಆಗಲೇ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನೂ ಕೇಳಿ. ನೀರು ಹೊಕ್ಕು ಕೆಟ್ಟ ಎಂಜಿನ್ನಿಗೆ ಮಾಮೂಲಿ ವಿಮೆಯಲ್ಲಿ ಹಣ ಸಿಗುವುದು ಕಷ್ಟ.

ಕಾರು ಮನೆಗೆ ಬಂತು, ಪೂಜೆಯೂ ಆಯಿತು ಎಂದುಕೊಳ್ಳೋಣ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನು ಮುಂದಿನದು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದ 1964ರಿಂದ ಹಿನ್ನೀರಿನ ಆಚೆಗಿದ್ದ ತುಮರಿ, ಸಿಗಂದೂರಿನ ಜನ ಅಷ್ಟು ವರ್ಷ ಕಾದ ಸೇತುವೆ. ಅದು ಬಂದದ್ದಕ್ಕೆ ನನಗಾದ ಸಂತೋಷ ಸಣ್ಣದಲ್ಲ. ಆದರೆ ಒಂದನ್ನು ಗಮನಿಸಿ. ಜನರನ್ನೂ ಗಾಡಿಗಳನ್ನೂ ಹಿನ್ನೀರು ದಾಟಿಸುವ ಲಾಂಚ್ ಇದ್ದಾಗ ನಮ್ಮ ಪ್ರಯಾಣಕ್ಕೆ ಒಂದು ಕಡಿವಾಣವಿತ್ತು. ಸಂಜೆಯ ಕೊನೆಯ ಟ್ರಿಪ್ ಹೋದಮೇಲೆ ಹೊಳೆ ದಾಟುವಂತಿರಲಿಲ್ಲ. ಗಾಳಿ ಮಳೆ ಜೋರಾದರೆ ಲಾಂಚ್ ನಿಲ್ಲುತ್ತಿತ್ತು, ನಾವೂ ನಿಲ್ಲುತ್ತಿದ್ದೆವು. ಬೈದುಕೊಂಡಾದರೂ ಈಚೆ ದಡದ ನೆಂಟರ ಮನೆಯಲ್ಲಿ ಉಳಿಯುತ್ತಿದ್ದೆವು. ಈಗ ರಾತ್ರಿ ಹನ್ನೊಂದಕ್ಕೂ ಸೇತುವೆ ದಾಟಬಹುದು, ನಾಗೋಡಿಯ ಮೇಲೆ ಕೊಲ್ಲೂರಿಗೆ ಇಳಿಯಬಹುದು. 'ಇವತ್ತು ಬೇಡ' ಎನ್ನಲು ಲಾಂಚಿನ ಸಿಬ್ಬಂದಿ ಇಲ್ಲ. ಆ ಮಾತನ್ನು ಇನ್ನು ಮನೆಯವರೇ ಹೇಳಬೇಕು, ಕಾರಿನಲ್ಲಿ ಕೂತವರೇ ಹೇಳಬೇಕು.

ಈ ಮಾತು ಸಿಗಂದೂರಿನ ದಾರಿಗೆ ಮಾತ್ರವಲ್ಲ. ಹೊಸನಗರದವರಿಗೆ ಹುಲಿಕಲ್ ಘಾಟಿ, ತೀರ್ಥಹಳ್ಳಿಯವರಿಗೆ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ, ನಮಗೆ ಜೋಗದಿಂದ ಕೆಳಗೆ ಗೇರುಸೊಪ್ಪೆಯ ದಾರಿ. ಮೂರರಲ್ಲೂ ಗುಡ್ಡ ಕಡಿದು ಮಾಡಿದ ಧರೆಗಳಿವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯನ್ನು ಮುಚ್ಚಿ, ಅದರ ಬದಿಯಲ್ಲಿ ಚಹಾಕ್ಕೆಂದು ನಿಂತವರನ್ನು ಗಂಗಾವಳಿ ನದಿಗೆ ತಳ್ಳಿತು. ಅಲ್ಲಿದ್ದವರು ವೇಗವಾಗಿ ಓಡಿಸುತ್ತಿದ್ದವರಲ್ಲ, ನಿಂತಿದ್ದವರು. ಹಾಗಾಗಿ ಎಲ್ಲಿ ನಿಲ್ಲುತ್ತೇವೆ ಎಂಬುದೂ ಮುಖ್ಯ. ಹೊಸದಾಗಿ ಕಡಿದ ಧರೆಯ ಬುಡದಲ್ಲಿ, ವಾಲಿದ ಅಕೇಶಿಯಾ ಮರದ ಕೆಳಗೆ ನಿಲ್ಲಬೇಡಿ. ಸ್ವಚ್ಛವಾಗಿ ಹರಿಯುತ್ತಿದ್ದ ಧರೆಯ ನೀರು ಕೆಂಪಾಗಿ ಮಣ್ಣು ತರುತ್ತಿದ್ದರೆ, ಸಣ್ಣ ಕಲ್ಲುಗಳು ಉದುರುತ್ತಿದ್ದರೆ, ನೆಟ್ಟಗಿದ್ದ ಕಂಬ ಓರೆಯಾಗಿದ್ದರೆ ಅಲ್ಲಿಂದ ಹೊರಡಿ, ಸಾಧ್ಯವಾದರೆ ಬಂದ ದಾರಿಯಲ್ಲೇ. ಜಿಲ್ಲಾಡಳಿತ ಘಾಟಿ ಮುಚ್ಚಿದೆಯೆಂದರೆ ಬ್ಯಾರಿಕೇಡಿನ ಪಕ್ಕದಲ್ಲಿ ನುಸುಳುವ ದಾರಿ ಹುಡುಕಬೇಡಿ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದಾಗ ಇಂಧನ ಹರಿಯುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಉರಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ, ಬ್ರೇಕು ಮಾತ್ರ ಕಾದು ಸೋಲುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಹತ್ತಿ ಬರುತ್ತಿರುವ ಗಾಡಿಗೆ ದಾರಿ ಬಿಡಿ, ನಿಯಮವೂ ಅದೇ. ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ತಿರುಗಿ ಹೊಡೆಯುತ್ತದೆ. ಲೋ ಬೀಮ್‌ನಲ್ಲಿ, ಎಡ ಅಂಚಿನ ಬಿಳಿ ಗೆರೆ ಹಿಡಿದು ಹೋಗಿ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಓಡಿಸುವುದು ಎಚ್ಚರಿಕೆಯಂತೆ ಕಂಡರೂ ತಪ್ಪು, ನೀವು ಎತ್ತ ತಿರುಗುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ. ಅದು ನಿಂತ ಗಾಡಿಗೆ. ಗಾಜಿನ ಒಳಗೆ ಮಬ್ಬು ಕಟ್ಟಿದರೆ ಬಟ್ಟೆಯಲ್ಲಿ ಒರೆಸುತ್ತಾ ಓಡಿಸಬೇಡಿ, ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಾಳಿ ಬರುವಂತೆ ಇಡಿ. ಚಳಿಯಾಗುತ್ತದೆಂದು ಹಿಂದೆ ಕೂತವರು ಎಸಿ ಆರಿಸಲು ಹೇಳಬಾರದು.

ವೇಗದ ಲೆಕ್ಕ ಇಷ್ಟೇ: ಗಂಟೆಗೆ 60 ಕಿಲೋಮೀಟರಿನಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ತಿರುವಿನಾಚೆ ಬಿದ್ದ ಮರ ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಅಷ್ಟು ದೂರ ಹೋಗಿಯಾಯಿತು. ಬ್ರೇಕ್ ಹಿಡಿದಮೇಲಿನ ದೂರ ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ, ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. ಅದರ ಮೇಲೆ ನಮ್ಮ ರಸ್ತೆಗಳಲ್ಲಿ ಮರದ ನೆರಳಿನ ತಿರುವುಗಳಲ್ಲಿ ಹಾವಸೆ ಕಟ್ಟಿರುತ್ತದೆ, ಧರೆಯಿಂದ ಇಳಿದ ಕೆಂಪು ಮಣ್ಣು ಟಾರಿನ ಮೇಲೆ ತೆಳ್ಳಗೆ ಹರಡಿರುತ್ತದೆ. ಇಂಥ ಕಡೆ ನಲವತ್ತೂ ಹೆಚ್ಚು.

ಇನ್ನು ನೀರಿನದು. ಮೋರಿಯ ಮೇಲೆ, ಸಂಕದ ಮೇಲೆ ನೀರು ಹರಿಯುತ್ತಿರುವಾಗ 'ಮೊಣಕಾಲೂ ಮುಳುಗುವುದಿಲ್ಲ, ಹೋಗೋಣ' ಎನ್ನುವವರಿಗೆ ಈ ಲೆಕ್ಕ. ಸಣ್ಣ ಕಾರಿನ ಉದ್ದ ಮೂರೂವರೆ ಮೀಟರ್, ಅಗಲ ಒಂದೂವರೆ ಮೀಟರ್, ತೂಕ ಸುಮಾರು 800 ಕೆ.ಜಿ. ನೀರು ಕಾರಿನ ತಳ ಮುಟ್ಟಿದ ಮೇಲೆ ಪ್ರತಿ ಹತ್ತು ಸೆಂಟಿಮೀಟರಿಗೆ ಅರ್ಧ ಟನ್ನಿನಷ್ಟು ಮೇಲಕ್ಕೆ ಎತ್ತುತ್ತದೆ. ತಳವೇ ನೆಲದಿಂದ ಗೇಣೆತ್ತರ. ಅಲ್ಲಿಂದ ಮೇಲೆ ಇನ್ನೊಂದು ಗೇಣು ನೀರು ಏರುವಷ್ಟರಲ್ಲಿ ಕಾರು ತೇಲಲು ತೊಡಗುತ್ತದೆ. ಅಂದರೆ ಮೊಣಕಾಲು ಮುಳುಗುವ ಮೊದಲೇ. ಬಸ್ಸು ಲಾರಿಗಳನ್ನು ಹೊತ್ತ ಲಾಂಚನ್ನು ನೋಡಿಯೇ ಬೆಳೆದವರು ನಾವು. ಕಬ್ಬಿಣ ತೇಲುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ತೇಲಿದ ಮೇಲೆ ಹರಿವು ಎತ್ತ ಎಳೆದರೆ ಅತ್ತ. ಕೆಂಪು ನೀರಿನ ಕೆಳಗೆ ಮೋರಿ ಇದೆಯೋ ಕೊಚ್ಚಿಹೋಗಿದೆಯೋ ಅದೂ ಕಾಣುವುದಿಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ, ವಿಧಾನಸೌಧದಿಂದ ಕೂಗಳತೆಯಲ್ಲಿ, ನೀರಿಗಿಳಿದ ಕಾರಿನೊಳಗೆ ಒಬ್ಬ ಯುವತಿ ಜೀವ ಕಳೆದುಕೊಂಡಳು. ಜೊತೆಯಲ್ಲಿ ಅವಳ ಮನೆಯವರೂ ಇದ್ದರು.

ಹರಿಯುವ ನೀರಿಗೆ ಕಾರು ಇಳಿಸಬೇಡಿ ಎಂಬುದು ಬಿಟ್ಟು ಬೇರೆ ಉಪಾಯ ನನ್ನಲ್ಲಿಲ್ಲ. ನಿಂತ ನೀರಿನಲ್ಲಿ ಎಂಜಿನ್ ಆರಿಹೋದರೆ ಮತ್ತೆ ಕೀಲಿ ತಿರುಗಿಸಬೇಡಿ. ಗಾಳಿಯ ಕೊಳವೆಯಿಂದ ನೀರು ಒಳಹೊಕ್ಕಿದ್ದರೆ ಪಿಸ್ಟನ್ನಿಗೆ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡು ಬಾಗುತ್ತದೆ, ಕೆಲವು ಸಾವಿರದ ಕೆಲಸ ಲಕ್ಷಕ್ಕೆ ಏರುತ್ತದೆ. ಇಳಿದು ತಳ್ಳಿ. ಕಾರು ಆಳಕ್ಕೆ ಬಿದ್ದೇ ಬಿಟ್ಟರೆ ಫೋನು ಹುಡುಕಬೇಡಿ, ಬಾಗಿಲು ತಳ್ಳುತ್ತಾ ಹೊತ್ತು ಕಳೆಯಬೇಡಿ. ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ಕಾರು ತೇಲುವ ಆ ಒಂದು ನಿಮಿಷದಲ್ಲೇ ಬೆಲ್ಟು ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ. ಗಾಜು ಒಡೆಯುವ ಸಣ್ಣ ಸುತ್ತಿಗೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಡಿಕ್ಕಿಯಲ್ಲಿಡದೆ ಚಾಲಕನ ಕೈಗೆ ಎಟುಕುವಲ್ಲಿ ಇಡಿ.

ಹೊನ್ನೆಮರಡಿನಲ್ಲಿ ಹಿನ್ನೀರಿಗೆ ಇಳಿಯಲು ಬರುವ ಹುಡುಗರಿಗೆ ಲೈಫ್ ಜಾಕೆಟ್ ಕಟ್ಟಿಸದೆ ತೆಪ್ಪ ಹತ್ತಿಸುವುದಿಲ್ಲ, ಈಜು ಬಲ್ಲವರಿಗೂ ಅಷ್ಟೆ. ಸೀಟ್ ಬೆಲ್ಟೂ ಹಾಗೆಯೇ ಆಗಬೇಕು, ಮುಂದೆ ಕೂತವರಿಗೂ ಹಿಂದೆ ಕೂತವರಿಗೂ. ಬೆಲ್ಟು ಹಾಕಿದರೆ ಸಾವಿನ ಸಾಧ್ಯತೆ ಅರ್ಧದವರೆಗೆ ತಗ್ಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕೂತಿದ್ದದ್ದು ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಹಳೇ ಕಾರು ಕೊಳ್ಳುವಾಗ ಹಿಂದಿನ ಬೆಲ್ಟಿನ ಕೊಂಡಿಗಳು ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತವೆ. ಮೊದಲ ದಿನವೇ ಕವರು ಕತ್ತರಿಸಿ ಹೊರಗೆ ತೆಗೆಯಿರಿ. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲೇಬೇಡಿ, ಏರ್‌ಬ್ಯಾಗ್ ಸಿಡಿದರೆ ಅದರ ಪೆಟ್ಟು ಮಗುವಿಗೇ ಬೀಳುತ್ತದೆ. ಐದು ಜನರ ಕಾರಿನಲ್ಲಿ ಎಂಟು ಜನ ತುಂಬಿಕೊಂಡು ಮದುವೆಗೆ ಹೊರಡುವವರಿಗೂ ಇದೇ ಮಾತು. ಮೂರು ಜನ ಬಸ್ಸಿನಲ್ಲಿ ಬರಲಿ.

ಹಿಂದಿನ ಸೀಟಿನಲ್ಲಿ ಕೂರುವ ಅಮ್ಮಂದಿರೇ, ಅಜ್ಜಿಯರೇ, ಭಾವಂದಿರೇ, ನಿಮ್ಮಲ್ಲಿ ಒಂದು ವಿನಂತಿ. ನಮ್ಮ ಕಡೆ ಅಪಾಯಕ್ಕೆ ಗಾಡಿ ನುಗ್ಗುವುದು ಎಷ್ಟೋ ಸಲ ಚಾಲಕನ ಹುಂಬತನದಿಂದಲ್ಲ, ಹಿಂದಿನಿಂದ ಬರುವ 'ಹೊತ್ತಾಯಿತು' ಎಂಬ ಮಾತಿನಿಂದ. ಮುಹೂರ್ತ ಮೀರುತ್ತದೆ, ಶ್ರಾದ್ಧಕ್ಕೆ ಪುರೋಹಿತರು ಕಾಯುತ್ತಾರೆ, ಕೊಟ್ಟಿಗೆಯಲ್ಲಿ ದನ ಕೂಗುತ್ತದೆ, ಎಲ್ಲವೂ ನಿಜ. ಆದರೂ ಮಗ ಮೋರಿಯ ಮುಂದೆ ಕಾರು ನಿಲ್ಲಿಸಿ 'ವಾಪಸ್ ಹೋಗೋಣ' ಎಂದರೆ ಎದುರಾಡಬೇಡಿ. 'ನಿನ್ನಪ್ಪ ಇಂಥ ಎಷ್ಟು ಹೊಳೆ ದಾಟಿದ್ದರು' ಎನ್ನಬೇಡಿ. ಸೊಸೆ ಓಡಿಸುತ್ತಿದ್ದರೆ ಅವಳ ಮಾತಿಗೂ ಅಷ್ಟೇ ಬೆಲೆಯಿರಲಿ. ನೆಂಟರನ್ನು ಕಳಿಸಿಕೊಡುವ ಮನೆಯವರೂ ಅಷ್ಟೆ: ಮಳೆ ಹೊಡೆಯುವಾಗ 'ಹೋಗಿ ಬನ್ನಿ' ಎನ್ನುವ ಬದಲು ಚಾಪೆ ಹಾಸಿ.

ಆಸ್ಪತ್ರೆಯ ತುರ್ತು ಬಂದರೆ ಏನು ಮಾಡುವುದೆಂದು ಕೇಳುತ್ತೀರಿ. ಅದಕ್ಕೆ ಮಳೆಗಾಲಕ್ಕೆ ಮುಂಚೆಯೇ ದಾರಿ ನೋಡಿಡಬೇಕು. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ದಿನ ತುಂಬುವ ಬಸುರಿಯಿದ್ದರೆ ಎರಡು ವಾರ ಮೊದಲೇ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ನೆಂಟರ ಮನೆಗೆ ಕಳಿಸಿ. ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಹೋಗುವವರಿದ್ದರೆ ಹಳ್ಳ ದಾಟದ ಸುತ್ತುದಾರಿಯನ್ನು ಬೇಸಿಗೆಯಲ್ಲೇ ಒಮ್ಮೆ ಓಡಿಸಿ ನೋಡಿ. ನಮ್ಮ ಹಿನ್ನೀರಿನ ಸೀಮೆಯಲ್ಲಿ ಎಷ್ಟೋ ಕಡೆ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಹೊರಡುವ ಮೊದಲು ಯಾವ ದಾರಿ, ಎಷ್ಟು ಹೊತ್ತಿಗೆ ತಲುಪುತ್ತೇವೆಂದು ಎರಡೂ ಕಡೆಯ ಮನೆಗೆ ಹೇಳಿ. ಹೇಳಿದ ಹೊತ್ತಿಗೆ ಬರದಿದ್ದರೆ ಹುಡುಕಲು ಎಲ್ಲಿಂದ ಶುರು ಮಾಡಬೇಕೆಂದು ಅವರಿಗೆ ಗೊತ್ತಿರಬೇಕು.

ಮೃಗಶಿರ ಮಳೆ ಹಿಡಿಯುವ ಮೊದಲಿನ ಭಾನುವಾರಗಳಲ್ಲಿ ಬೆಳಿಗ್ಗೆ ಹೊತ್ತು ನಾನು ಮನೆಯಲ್ಲೇ ಇರುತ್ತೇನೆ. ಗಾಳಿ ನೋಡುವ ಮೀಟರು, ಟೈರಿನ ಗೀರು ಅಳೆಯುವ ಕಡ್ಡಿ, ಜಾಕು ಇವೆ. ಕೊಂಡ ಕಾರಾಗಲಿ, ಕೊಳ್ಳಬೇಕೆಂದಿರುವ ಕಾರಾಗಲಿ, ಅಂಗಳಕ್ಕೆ ತನ್ನಿ, ಒಟ್ಟಿಗೆ ನೋಡೋಣ. ಕಾರಿನ ಜೊತೆ ಮನೆಯಲ್ಲಿ ಹಿಂದೆ ಕೂರುವವರನ್ನೂ ಕರೆದುಕೊಂಡು ಬನ್ನಿ. ಬೆಲ್ಟು ಬಿಚ್ಚುವುದು, ಕಿಟಕಿ ಇಳಿಸುವುದು, ಸುತ್ತಿಗೆ ಎಲ್ಲಿದೆ ಎಂಬುದು ಅವರಿಗೂ ಗೊತ್ತಿರಬೇಕು.

ಇಂತಿ,
ನಿಮ್ಮ ನೆರೆಯ,
ಹೊನ್ನೆಮರಡಿನ ಒಬ್ಬ ಅಡಿಕೆ ಬೆಳೆಗಾರ